ಅಂಗಡಿ ಗೊಂಬೆಯ ಸೊಂಟ ಸಣ್ಣಗಾಗಿದ್ದು ಹೇಗೆ?

2019ರಲ್ಲಿ ಲಂಡನ್ನಿನ ನೈಕಿ ಮಳಿಗೆಯಲ್ಲಿ ದಪ್ಪ ಮೈಯ ಮ್ಯಾನಿಕ್ವಿನ್, ಅಂದರೆ ಬಟ್ಟೆ ತೊಡಿಸಿ ನಿಲ್ಲಿಸುವ ಅಂಗಡಿ ಗೊಂಬೆ, ಒಂದು ವ್ಯಾಯಾಮದ ಬಟ್ಟೆ ತೊಟ್ಟು ನಿಂತಿತು. ಅಷ್ಟಕ್ಕೇ ದೊಡ್ಡ ಜಗಳ. ಬೊಜ್ಜನ್ನು ಮೆರೆಸ್ತಿದ್ದಾರೆ ಅಂತ ಕೆಲವರು, ಅಂತೂ ನಮ್ಮಂಥವರೂ ಕಣ್ಣಿಗೆ ಬಿದ್ದೆವಲ್ಲ ಅಂತ ಕೆಲವರು. ಅದಕ್ಕೂ ಮೊದಲು, 2013ರಲ್ಲಿ, ಒಳ ಉಡುಪಿನ ಗೊಂಬೆಗಳನ್ನು ಅಂಗಡಿ ಮುಂದಿನಿಂದ ತೆಗೆಸಬೇಕು ಅಂತ ಮುಂಬೈ ಪಾಲಿಕೆ ಸಭೆ ನಿರ್ಣಯ ಮಾಡಿತ್ತು. 2022ರಲ್ಲಿ ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ಗೊಂಬೆಗಳ ತಲೆ ಕತ್ತರಿಸಲು ತಾಲಿಬಾನ್ ಆದೇಶ ಬಂತು. ಮೈ, ಮಾನ, ಧರ್ಮ, ವ್ಯಾಪಾರ ಎಲ್ಲ ಸೇರಿ ವಿಷಯ ಗೋಜಲಾಗಿದೆ. ಈ ಗದ್ದಲದಲ್ಲಿ ಗೊಂಬೆ ಮಾಡುವವರ ಕೈಕೆಲಸದ ಬಗ್ಗೆ ಮಾತಾಡುವವರು ಕಡಿಮೆ. ಗೊಂಬೆಯ ಸೊಂಟ ಸಣ್ಣಗಾಗಿದ್ದು ಹೇಗೆ ಅನ್ನುವುದಕ್ಕೆ ಅರ್ಧ ಉತ್ತರ ಇರುವುದು ಅಲ್ಲೇ.

ಪ್ರಾಚೀನ ಈಜಿಪ್ಟಿನ ದೊರೆ ಟುಟಂಖಾಮನ್ ಸಮಾಧಿಯಲ್ಲಿ ಸಿಕ್ಕ ಕೈಯಿಲ್ಲದ ಮರದ ಬೊಂಬೆಯಿಂದ ಹಿಡಿದು, ಹೊಸ ಫ್ಯಾಷನ್ ತೋರಿಸಲು ಪ್ಯಾರಿಸ್‌ನಿಂದ ಯುರೋಪಿನ ಅರಮನೆಗಳಿಗೆ ಹೋಗುತ್ತಿದ್ದ ಪುಟ್ಟ ಗೊಂಬೆಗಳು, ಆಮೇಲೆ ಬೆತ್ತ ಮತ್ತು ತಂತಿಯಲ್ಲಿ ಹೆಣೆದ ಮುಂಡಗಳವರೆಗೆ ಸಾವಿರಾರು ವರ್ಷ ಕಳೆದವು. ನಿಜವಾದ ಬದಲಾವಣೆ ಬಂದಿದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. ದೊಡ್ಡ ಗಾಜಿನ ಹಲಗೆ ಬಂತು, ವಿದ್ಯುತ್ ದೀಪ ಬಂತು, ದೊಡ್ಡ ಮಳಿಗೆಗಳು ಬಂದವು. ರಾತ್ರಿಯೂ ಬೆಳಗುವ ಕಿಟಕಿಯಲ್ಲಿ ಬರೀ ಮುಂಡ ನಿಲ್ಲಿಸಿದರೆ ಯಾರು ನೋಡ್ತಾರೆ? ಪ್ಯಾರಿಸ್‌ನ ಪಿಯರ್ ಇಮಾನ್ಸ್‌ರಂಥವರು ಮೇಣದಲ್ಲಿ ಮುಖ ಮಾಡಿದರು. ಕಣ್ಣು ಗಾಜಿನದು, ಕೂದಲು ಮನುಷ್ಯರದೇ. ಹತ್ತಿರದಿಂದ ನೋಡಿದರೂ ಜೀವ ಇದೆ ಅನ್ನಿಸಬೇಕು, ಅಷ್ಟು ನಯ. ಆದರೆ ಎತ್ತಲಾಗದಷ್ಟು ಭಾರ. ಬಿಸಿಲು ಮತ್ತು ದೀಪದ ಶಾಖಕ್ಕೆ ಮುಖ ಇಳಿಯುತ್ತಿತ್ತು.

ಮೇಣ ಹೋಗಿ ಪ್ಲಾಸ್ಟರ್ ಬಂತು. 1930ರ ದಶಕದಲ್ಲಿ ನ್ಯೂಯಾರ್ಕ್‌ನ ಲೆಸ್ಟರ್ ಗಾಬಾ ಮಾಡಿದ ಸಿಂಥಿಯಾ ಎಂಬ ಗೊಂಬೆಯ ಕತೆ ಸ್ವಲ್ಪ ವಿಚಿತ್ರ. ಗಾಬಾ ಸೋಪಿನಲ್ಲಿ ಶಿಲ್ಪ ಕೆತ್ತಿ ಹೆಸರು ಮಾಡಿದ್ದವರು. ಸಿಂಥಿಯಾಗೆ ಅವರು ಬೇಕಂತಲೇ ಕೊರತೆಗಳನ್ನು ಇಟ್ಟರು: ಮುಖದ ಮೇಲೆ ಸಣ್ಣ ಚುಕ್ಕೆ, ಒಂದಕ್ಕೊಂದು ಸರಿಸಮ ಇಲ್ಲದ ಪಾದ. ಅವಳನ್ನು ಊಟಕ್ಕೆ, ನಾಟಕಕ್ಕೆ, ಒಪೆರಾಕ್ಕೆ ಕರೆದೊಯ್ದರು. 1937ರಲ್ಲಿ ಲೈಫ್ ಪತ್ರಿಕೆಯಲ್ಲಿ ಫೋಟೊಗಳು ಬಂದವು. ಆಭರಣದ ಕಂಪನಿಗಳು ಒಡವೆ ಕಳಿಸಿದವು. ಕೊನೆಗೆ ಬ್ಯೂಟಿ ಪಾರ್ಲರ್ ಒಂದರಲ್ಲಿ ಕುರ್ಚಿಯಿಂದ ಜಾರಿ ಬಿದ್ದು ಚೂರಾದಳು. ಪ್ರಚಾರದ ತಮಾಷೆ ಬಿಡಿ, ಕಸುಬಿನ ಕಣ್ಣಿಗೆ ಮುಖ್ಯ ಆ ಚುಕ್ಕೆಗಳು. ಕೊರತೆ ಇದ್ದರೇ ಗೊಂಬೆ ನಂಬಿಕೆ ಹುಟ್ಟಿಸುತ್ತೆ ಅಂತ ಅವರಿಗೆ ಗೊತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಫೈಬರ್‌ಗ್ಲಾಸ್ ಬಂತು, ಹಗುರ, ಗಟ್ಟಿ. ಇದನ್ನು ಚೆನ್ನಾಗಿ ಬಳಸಿಕೊಂಡವರು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಲಂಡನ್ನಿಗೆ ಬಂದ ಅಡೆಲ್ ರೂಟ್‌ಸ್ಟೀನ್. ಬೀದಿಯಲ್ಲಿ ಓಡಾಡುವ ಹುಡುಗಿಯರು ಒಂದು ಥರ, ಕಿಟಕಿಯಲ್ಲಿರುವ ಗೊಂಬೆಗಳು ಇನ್ನೊಂದು ಥರ ಇರುವುದು ಅವರಿಗೆ ಹಿಡಿಸಲಿಲ್ಲ. ಹಾಗಾಗಿ ಬದುಕಿರುವವರನ್ನೇ ಶಿಲ್ಪಿಯ ಮುಂದೆ ನಿಲ್ಲಿಸಿದರು. 1966ರಲ್ಲಿ ಸಣಕಲು ಮೈಗೆ ಹೆಸರಾದ ಬ್ರಿಟಿಷ್ ರೂಪದರ್ಶಿ ಟ್ವಿಗ್ಗಿ, ಮರುವರ್ಷ ಕಪ್ಪು ವರ್ಣದ ರೂಪದರ್ಶಿ ಡೊನ್ಯಾಲ್ ಲೂನಾ.

ಕೆಲಸ ಹೀಗೆ ಸಾಗುತ್ತೆ. ರೂಪದರ್ಶಿ ಒಂದೇ ಭಂಗಿಯಲ್ಲಿ ದಿನಗಟ್ಟಲೆ ಬಂದು ನಿಲ್ಲಬೇಕು. ಕಬ್ಬಿಣದ ಸರಳಿನ ಮೇಲೆ ಆಳೆತ್ತರಕ್ಕೆ ಜೇಡಿಮಣ್ಣು ಮೆತ್ತಿ ಶಿಲ್ಪಿ ರೂಪ ತೆಗೆಯುತ್ತಾರೆ. ಭಾರ ಯಾವ ಕಾಲ ಮೇಲಿದೆ ಅನ್ನುವುದೇ ಅರ್ಧ ಕಲೆ, ಭಾರ ಒಂದು ಕಡೆ ವಾಲಿದರೆ ಆ ಕಡೆ ಸೊಂಟ ಏರುತ್ತೆ, ಅದೇ ಕಡೆ ಭುಜ ಇಳಿಯುತ್ತೆ. ಆಮೇಲೆ ಪ್ಲಾಸ್ಟರ್ ಅಚ್ಚು, ಅಚ್ಚಿನೊಳಗೆ ಗಾಜಿನ ನಾರು ಮತ್ತು ಒಣಗಿ ಗಟ್ಟಿಯಾಗುವ ರೆಸಿನ್ ಎಂಬ ಅಂಟು, ಕೊನೆಗೆ ಉಜ್ಜಿ ಉಜ್ಜಿ ನುಣುಪು.

ಅಲ್ಲಿಗೆ ಮುಗೀಲಿಲ್ಲ. ಈಗ ಆ ಚೆಂದದ ಮೈಯನ್ನು ತುಂಡು ಮಾಡಬೇಕು. ಗೊಂಬೆ ಮೊಣಕೈ ಮಡಚಲ್ಲ, ಮೈ ತಿರುಗಿಸಲ್ಲ. ತೋಳು ಭುಜದಲ್ಲಿ ಬಿಚ್ಚಿ ಬರಬೇಕು, ಅಂಗೈ ಮಣಿಕಟ್ಟಿನಲ್ಲಿ ಬೇರೆಯಾಗಬೇಕು, ಇಲ್ಲದಿದ್ದರೆ ಬೆರಳು ಚಾಚಿದ ಕೈ ಅಂಗಿಯ ಕಿರಿದಾದ ತೋಳಿನಲ್ಲಿ ತೂರುವುದೇ ಇಲ್ಲ. ಪ್ಯಾಂಟ್ ಹಾಕಲು ಒಂದು ಕಾಲು ಕಳಚಬೇಕು. ಈ ಜೋಡಣೆಯ ಗೆರೆ ಬಟ್ಟೆಯ ಅಡಿ ಮರೆಯಾಗುವಂತೆ ಎಲ್ಲಿ ಕೊಯ್ಯಬೇಕು ಅನ್ನುವುದು ಅನುಭವದಿಂದ ಬರುವಂಥದ್ದು. ಆಮೇಲೆ ಬಣ್ಣದವರ ಸರದಿ: ಹುಬ್ಬು, ಕಣ್ಣು, ತುಟಿ ಎಲ್ಲ ಕುಂಚದಲ್ಲೇ. ರೆಪ್ಪೆ ಅಂಟಿಸಿ ವಿಗ್ ಕೂರಿಸುತ್ತಾರೆ.

ಸಣ್ಣ ಸೊಂಟದ ಒಂದು ಕಾರಣವೂ ಇಲ್ಲೇ ಸಿಗುತ್ತೆ. ನಮ್ಮ ಮೈ ಮೆತ್ತಗೆ, ಜಿಪ್ ಎಳೆಯುವಾಗ ಉಸಿರು ಹಿಡಿದರೆ ಸಾಕು. ಫೈಬರ್ ಒಂದು ಕೂದಲೆಳೆಯಷ್ಟೂ ಒತ್ತಿಕೊಳ್ಳಲ್ಲ. ಅದಕ್ಕೇ ಗೊಂಬೆಯನ್ನು ಬಟ್ಟೆಯ ಅಳತೆಗಿಂತ ತುಸು ಸಣ್ಣಗೆ ಮಾಡಿ, ಮಿಕ್ಕ ಬಟ್ಟೆಯನ್ನು ಬೆನ್ನ ಹಿಂದೆ ಪಿನ್ ಚುಚ್ಚಿ ಬಿಗಿಸುವುದು ರೂಢಿ. ಇದರ ಮೇಲೆ ಸಣ್ಣ ಮೈಯ ಫ್ಯಾಷನ್ ಸೇರಿತು, ಉದ್ದ ಕಾಲಿನ ಮೋಹ ಸೇರಿತು. ಯಾರೂ ಕೂತು ತೀರ್ಮಾನ ಮಾಡಲಿಲ್ಲ, ಒಂದೊಂದು ಆರ್ಡರ್‌ಗೂ ಒಂದಿಷ್ಟು ಕರಗಿತು ಅಷ್ಟೆ.

1992ರಲ್ಲಿ ಫಿನ್ಲೆಂಡಿನ ಇಬ್ಬರು ಸಂಶೋಧಕರು ಹಳೆಯ, ಹೊಸ ಗೊಂಬೆಗಳ ಅಳತೆ ತೆಗೆದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಯುದ್ಧಕ್ಕೆ ಮುಂಚಿನವು ಆರೋಗ್ಯವಂತ ಹೆಂಗಸಿನ ಹಾಗೇ ಇದ್ದವು. ಹೊಸ ಗೊಂಬೆಯ ಮೈಕಟ್ಟು ನಿಜವಾದ ಹೆಂಗಸಿಗೆ ಇದ್ದರೆ ಅವಳು ಬಹುಶಃ ಮುಟ್ಟೇ ಆಗಲ್ಲ, ಮೈಯಲ್ಲಿ ಅಷ್ಟು ಕೊಬ್ಬು ಇರಲ್ಲ ಅಂದರು. 2017ರಲ್ಲಿ ಇಂಗ್ಲೆಂಡಿನ ಎರಡು ಊರುಗಳ ಅಂಗಡಿಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ನೋಡಿದ ಹೆಣ್ಣು ಗೊಂಬೆಗಳೆಲ್ಲವೂ ತೂಕ ಸಾಲದ ಮೈಯವು. ಗಂಡು ಗೊಂಬೆಗಳಲ್ಲಿ ಅಂಥವು ಶೇ 8 ಮಾತ್ರ.

ಬೇರೆ ಮೈ ಮಾಡಲು ಬರಲ್ಲ ಅಂತೇನಿಲ್ಲ. 2013ರಲ್ಲಿ ಜ್ಯೂರಿಕ್‌ನ ಪ್ರೊ ಇನ್ಫರ್ಮಿಸ್ ಸಂಸ್ಥೆ ಅಂಗವಿಕಲರ ಅಳತೆ ತೆಗೆದು, ಬಾಗಿದ ಬೆನ್ನು, ಇಲ್ಲದ ಕಾಲು ಇದ್ದ ಹಾಗೇ ಗೊಂಬೆ ಮಾಡಿಸಿ ನಗರದ ದುಬಾರಿ ಬೀದಿಯ ಕಿಟಕಿಗಳಲ್ಲಿ ನಿಲ್ಲಿಸಿತು. ಮಾಡಿಸುವವರು ಇದ್ದರೆ ಮಾಡುವವರಿಗೇನು ಕಷ್ಟ? ಆದರೆ ಬಹುಪಾಲು ಮಳಿಗೆಗಳು ಹಿಡಿದಿದ್ದು ಬೇರೆ ದಾರಿ, ತಲೆಯೇ ಇಲ್ಲದ ಅಥವಾ ಮೊಟ್ಟೆಯಂಥ ತಲೆಯ ಬಿಳಿ ಗೊಂಬೆ. ವಿಗ್ ಬೇಡ, ಮೇಕಪ್ ಬೇಡ, ಫ್ಯಾಷನ್ ಬದಲಾದರೂ ಹಳೆಯದಾಗಲ್ಲ. ಲೆಕ್ಕ ಸರಿ ಇದೆ. ಕುಂಚ ಹಿಡಿದವರ ಕೆಲಸ ಮಾತ್ರ ಆ ಲೆಕ್ಕದಲ್ಲಿ ಸೇರಿಲ್ಲ.

ನಮ್ಮ ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ ಪ್ರಶ್ನೆ ಸ್ವಲ್ಪ ಬೇರೆ. ಸೀರೆಗೆ ಸೈಜಿನ ತಕರಾರಿಲ್ಲ, ಜಿಪ್ಪೂ ಇಲ್ಲ. ನೆರಿಗೆ ಹಿಡಿದು ಪಿನ್ ಹಾಕಿ, ಹೊಲಿಯದ ಬ್ಲೌಸ್ ಪೀಸನ್ನೇ ಎದೆಗೆ ಸುತ್ತಿ ಹಿಂದೆ ಬಿಗಿದು, ಸೆರಗನ್ನು ಚಾಚಿದ ಕೈ ಮೇಲೆ ಹರವಿದರೆ ಮುಗೀತು. ಇದನ್ನು ಚಕಚಕ ಉಡಿಸುವ ಹುಡುಗರ ಕೈಚಳಕ ನಿಂತು ನೋಡುವಂಥದ್ದು. ಆದರೆ ಆ ಸೀರೆ ಉಟ್ಟು ನಿಂತವಳ ಮುಖ ನೋಡಿ: ಗುಲಾಬಿ ಬಿಳುಪು ಚರ್ಮ, ಎಷ್ಟೋ ಕಡೆ ನೀಲಿ ಕಣ್ಣು. ಕೊಳ್ಳಲು ಬಂದವರಲ್ಲಿ ಒಬ್ಬರೂ ಹಾಗಿರಲ್ಲ, ಅಲ್ವಾ? ಡೊನ್ಯಾಲ್ ಲೂನಾ ಲಂಡನ್ನಿನಲ್ಲಿ ಗೊಂಬೆಯಾಗಿ ಅರ್ಧ ಶತಮಾನ ದಾಟಿದೆ. ಇಲ್ಲಿ ಎಣ್ಣೆಗೆಂಪು ಬಣ್ಣದ, ನಮ್ಮ ಮೂಗು ಕಣ್ಣಿನ ಗೊಂಬೆ ಬೇಕು ಅಂತ ಆರ್ಡರ್ ಕೊಡುವ ಅಂಗಡಿಗಳು ಇನ್ನೂ ಅಪರೂಪ.