ಗಡಿಯಾರದ ಎಡಭಾಗ ಖಾಲಿ

2009ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ನರರೋಗ ತಜ್ಞ ಸೌಹೆಲ್ ನಜ್ಜಾರ್, 24 ವರ್ಷದ ಪತ್ರಕರ್ತೆ ಸುಸಾನಾ ಕಹಲನ್ ಕೈಗೆ ಪೆನ್ನು ಕೊಟ್ಟು ಒಂದು ಗಡಿಯಾರ ಬರೆಯಲು ಹೇಳಿದರು. ಆಕೆ ವೃತ್ತ ಎಳೆದು ಅಂಕಿ ತುಂಬಿದರು. ಒಂದರಿಂದ ಹನ್ನೆರಡರವರೆಗೆ ಎಲ್ಲವೂ ಬಲಗಡೆಯ ಅರ್ಧದಲ್ಲೇ ಒತ್ತಿಕೊಂಡು ಕೂತಿದ್ದವು. ಎಡಗಡೆ ಪೂರ್ತಿ ಖಾಲಿ.

ಅಷ್ಟರಲ್ಲಿ ಆಕೆಗೆ ಫಿಟ್ಸ್ ಬಂದಿತ್ತು. ಸುತ್ತಲಿನವರ ಮೇಲೆಲ್ಲ ಅನುಮಾನ, ಮಾತು ತೊದಲು. ಮನಸ್ಸಿನ ಕಾಯಿಲೆ ಅಂದವರಿದ್ದರು, ಕುಡಿತ ಜಾಸ್ತಿ ಅಂದವರೂ ಇದ್ದರು. ಎಡಗಡೆಯ ನೋಟವನ್ನು ಗಮನಿಸುವುದು ಮಿದುಳಿನ ಬಲಭಾಗ. ಆ ಗಡಿಯಾರ ನೋಡಿದ ಮೇಲೆ ನಜ್ಜಾರ್‌ಗೆ ಅನುಮಾನ ಉಳಿಯಲಿಲ್ಲ: ಮಿದುಳಿನ ಬಲಭಾಗ ಊದಿಕೊಂಡಿದೆ.

ಊತ ತಂದದ್ದು ಹೊರಗಿನ ಯಾವ ಕ್ರಿಮಿಯೂ ಅಲ್ಲ, ಆಕೆಯದೇ ರೋಗನಿರೋಧಕ ಶಕ್ತಿ. ಈ ಕಾಯಿಲೆಯ ಹೆಸರು ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ನಮ್ಮ ನರಕೋಶಗಳ ಮೇಲೆ ಎನ್‌ಎಂಡಿಎ ರಿಸೆಪ್ಟರ್ ಎಂಬ ಪುಟ್ಟ ಬಾಗಿಲುಗಳಿವೆ. ಕಲಿಯೋದು, ನೆನಪಿಡೋದು ಇವುಗಳಿಂದಲೇ. ರೋಗಾಣುಗಳ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು (ಆಂಟಿಬಾಡಿ) ತಪ್ಪಿ ಇಲ್ಲಿ ಬಂದು ಅಂಟಿಕೊಂಡರೆ ಕೋಶ ಆ ಬಾಗಿಲುಗಳನ್ನು ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಆದರೆ ಕೋಶ ಸಾಯುವುದಿಲ್ಲ. ಪ್ರತಿಕಾಯ ಕಡಿಮೆಯಾದರೆ ಬಾಗಿಲುಗಳು ಮತ್ತೆ ಮೇಲೆ ಬರುತ್ತವೆ. ಈ ಕಾಯಿಲೆಯಲ್ಲಿ ನನಗೆ ಅತಿ ದೊಡ್ಡ ಸಮಾಧಾನ ಇದೇ.

ಇದನ್ನು 2007ರಲ್ಲಿ ಗುರುತಿಸಿದವರು ನರರೋಗ ತಜ್ಞ ಜೋಸೆಪ್ ದಾಲ್ಮೌ ಮತ್ತು ಸಂಗಡಿಗರು. ಅವರು ನೋಡಿದ್ದು 12 ಹೆಂಗಸರನ್ನು. ಎಲ್ಲರಲ್ಲೂ ಟೆರಟೋಮಾ ಎಂಬ ಗಡ್ಡೆ, ಅದೂ ಹೆಚ್ಚಿನವರಿಗೆ ಅಂಡಾಶಯದಲ್ಲಿ. ವಿಚಿತ್ರ ಗಡ್ಡೆ ಇದು: ಒಳಗೆ ಕೂದಲು, ಹಲ್ಲು, ಕೆಲವೊಮ್ಮೆ ನರದ ಅಂಗಾಂಶವೂ ಇರುತ್ತದೆ. ಅಲ್ಲಿನ ನರಕೋಶವನ್ನು ಶತ್ರುವೆಂದು ತಿಳಿದ ದೇಹ, ಅದೇ ಗುರುತು ಹಿಡಿದು ಮಿದುಳಿಗೂ ನುಗ್ಗುತ್ತದೆ. ಗಡ್ಡೆ ತೆಗೆದರೆ ಎಷ್ಟೋ ಮಂದಿ ಬೇಗ ಚೇತರಿಸಿಕೊಳ್ಳುತ್ತಾರೆ. ಗಡ್ಡೆಯೇ ಇಲ್ಲದವರಿಗೂ ಇದು ಬರುತ್ತದೆ, ಕಹಲನ್‌ಗೆ ಇರಲಿಲ್ಲ.

ಮೊದಲು ಸುಮ್ನೆ ಜ್ವರ, ತಲೆನೋವು. ಕೆಲವೇ ದಿನಗಳಲ್ಲಿ ನಿದ್ದೆ ಹಾರುತ್ತದೆ, ಇಲ್ಲದ್ದು ಕಾಣುತ್ತದೆ. ಆಮೇಲೆ ಬಾಯಿ ಚಪ್ಪರಿಸುವುದು, ಕೈ ತಾನಾಗೇ ತಿರುಚುವುದು, ಮಾತು ನಿಲ್ಲುವುದು. ಮೈಮೇಲೆ ಬಂದಿದೆ ಅಂತ ಯಂತ್ರ ಕಟ್ಟಿಸೋಕೆ ಓಡುವ ಮನೆಯವರನ್ನು ನಾನು ಬೈಯಲಾರೆ. ನೋಡಿದರೆ ಹಾಗೇ ಕಾಣುತ್ತದೆ, ಅಲ್ವಾ? ಆದರೆ ನಿನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದ ಹುಡುಗಿ ಹೀಗಾದರೆ ದಯವಿಟ್ಟು ನರರೋಗ ತಜ್ಞರಿಗೂ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರೂ ನರರೋಗದವರೂ ಒಂದೇ ಆವರಣದಲ್ಲಿದ್ದಾರೆ. ಎಂಆರ್‌ಐ ಸರಿಯಾಗಿದ್ದರೂ ಸಮಾಧಾನ ಪಡುವಂತಿಲ್ಲ. ಬೆನ್ನುಹುರಿಯ ನೀರು ತೆಗೆದು ಪ್ರತಿಕಾಯ ಹುಡುಕಬೇಕು. ಸ್ಟೆರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ರಕ್ತದ ಪ್ಲಾಸ್ಮಾ ಬದಲಿಸುವುದು ಇದರ ಚಿಕಿತ್ಸೆ. 500ಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ 2013ರ ಅಧ್ಯಯನದಲ್ಲಿ, ಎರಡು ವರ್ಷದ ಹೊತ್ತಿಗೆ ನೂರಕ್ಕೆ ಸುಮಾರು 80 ಮಂದಿ ಚೆನ್ನಾಗಿ ಸುಧಾರಿಸಿದ್ದರು.

ಇದು ಮನುಷ್ಯರಿಗೆ ಮಾತ್ರ ಬರುವ ಕಾಯಿಲೆಯೂ ಅಲ್ಲ. ಬರ್ಲಿನ್ ಮೃಗಾಲಯದ ಹಿಮಕರಡಿ ಕ್ನೂಟ್ 2011ರ ಮಾರ್ಚಿನಲ್ಲಿ ನೂರಾರು ಜನರೆದುರು ನಿಂತಲ್ಲೇ ಸುತ್ತಿ, ಕಾಲು ಅದುರಿ, ಕೊಳಕ್ಕೆ ಬಿದ್ದು ಮುಳುಗಿತು. ನಾಲ್ಕೇ ವರ್ಷದ ಕರಡಿ. ಮಿದುಳು ಊದಿತ್ತು, ಆದರೆ ಎಷ್ಟು ಹುಡುಕಿದರೂ ಯಾವ ಸೋಂಕೂ ಸಿಗಲಿಲ್ಲ. ಕೊನೆಗೆ, ತೆಗೆದಿಟ್ಟಿದ್ದ ಅದರ ಮಿದುಳು-ಬೆನ್ನುಹುರಿಯ ನೀರನ್ನು ಮನುಷ್ಯರಿಗೆ ಮಾಡುವ ಹಾಗೇ ಪರೀಕ್ಷಿಸಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು: ಅದೇ ಪ್ರತಿಕಾಯ.