ಒಂದೇ ಹಾಡಿಗೆ ನಾಲ್ಕು ದನಿ: ಶ್ರುತಿ ಕೆಡುವುದಿಲ್ಲವೇ?

ಪ್ರಶ್ನೆ: ಕ್ರಿಸ್‌ಮಸ್ ರಾತ್ರಿ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್‌ನಲ್ಲಿ ಗಾನವೃಂದದ ಹಾಡು ಕೇಳಿದೆ. ಒಂದೇ ಸಾಲನ್ನು ಹೆಂಗಸರೂ ಗಂಡಸರೂ ಬೇರೆ ಬೇರೆ ಸ್ವರಗಳಲ್ಲಿ ಹಾಡುತ್ತಿದ್ದರೂ ಅಪಶ್ರುತಿ ಎನಿಸಲಿಲ್ಲ. ಏಕೆ?

ಉತ್ತರ: ಅರ್ಧ ಉತ್ತರ ತಂಬೂರಿಯಲ್ಲೇ ಇದೆ. ಪಂಚಮದ (ಪ) ನಾದ ಅಡಗುವ ಮೊದಲೇ ಷಡ್ಜದ (ಸ) ತಂತಿಯನ್ನು ಮೀಟುವುದರಿಂದ ಆ ಎರಡು ಸ್ವರಗಳನ್ನು ನಾವು ಸದಾ ಒಟ್ಟಿಗೇ ಕೇಳುತ್ತಿರುತ್ತೇವೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರವೂ (ಗ) ತಾನಾಗಿ ಹೊಮ್ಮುತ್ತದೆ, ಅದನ್ನೇ ಸ್ವಯಂಭೂ ಗಾಂಧಾರ ಎನ್ನುವುದು. ಷಡ್ಜದ ಕಂಪನ 4 ಪಾಲಾದರೆ ಗಾಂಧಾರದ್ದು 5, ಪಂಚಮದ್ದು 6. ಇಂಥ ಸರಳ ಅನುಪಾತದ ಸ್ವರಗಳು ಕೂಡಿದಾಗ ಕಿವಿಗೆ ಹಿತವೆನಿಸುತ್ತದೆ.

ಗಾನವೃಂದವು ಈ ಮೂರನ್ನೂ ಮನುಷ್ಯರ ಕಂಠಗಳಿಗೆ ಹಂಚುತ್ತದೆ. ಗಂಡಸರ ತಗ್ಗುದನಿಯಾದ ಬಾಸ್ ಮಂದ್ರದ ಷಡ್ಜವನ್ನು ಹಿಡಿದರೆ, ಏರುದನಿಯ ಟೆನರ್ ಪಂಚಮದಲ್ಲಿಯೂ, ಹೆಂಗಸರ ತಗ್ಗುದನಿಯಾದ ಆಲ್ಟೊ ಗಾಂಧಾರದಲ್ಲಿಯೂ, ಎಲ್ಲರಿಗಿಂತ ಮೇಲಿನ ಸೊಪ್ರಾನೊ ತಾರ ಷಡ್ಜದಲ್ಲಿಯೂ ನಿಲ್ಲಬಹುದು. ಆದರೆ ಮುಂದಿನ ಅಕ್ಷರಕ್ಕೆ ನಾಲ್ಕೂ ದನಿಗಳು ಸರಿಯುತ್ತವೆ, ಆಧಾರವೆಂದುಕೊಂಡಿದ್ದ ಬಾಸ್ ಕೂಡ! ನಮ್ಮ ಸಂಗೀತದಲ್ಲಿ ಷಡ್ಜ ಅಚಲ; ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ದೀಪಾವಳಿಯಲ್ಲಿ ಮನೆಮನೆಗೆ ಜ್ಯೋತಿ ತರುವ ಮಲೆನಾಡಿನ ಅಂಟಿಗೆ ಪಂಟಿಗೆಯವರೂ ಗುಂಪಾಗಿಯೇ ಹಾಡುತ್ತಾರೆ, ಆದರೆ ಅವರದು ಒಂದೇ ಧಾಟಿ, ಸರದಿ ಮಾತ್ರ ಬೇರೆ. ನಾಲ್ಕು ದನಿಗಳ ಹಾಡಿಗೆ ಸ್ವರಗಳು ಅಲುಗಾಡದೆ ನಿಲ್ಲಬೇಕಾದ್ದರಿಂದ, ಸ್ವರವನ್ನು ತೂಗಿ ಹಾಡುವ ಗಮಕಕ್ಕೆ ಅಲ್ಲಿ ಎಡೆಯೇ ಇಲ್ಲವೆನ್ನಬೇಕು. ನನ್ನ ಮಟ್ಟಿಗೆ ಅದು ಸಣ್ಣ ನಷ್ಟವಲ್ಲ.

ಚೇಂಬರ್ ಕ್ವಯರ್ ಎಂಬ ಸಣ್ಣ ತಂಡದಲ್ಲಿ ಒಂದೊಂದು ದನಿಗೆ ನಾಲ್ಕೈದು ಜನ ಇದ್ದರೆ ಹೆಚ್ಚು, ಹಾಗಾಗಿ ಒಬ್ಬರ ಶ್ರುತಿ ಕೊಂಚ ಇಳಿದರೂ ಅಡಗಿಸಿಡಲಾಗದು.

ಹೆಂಗಸರು, ಗಂಡಸರು ಕೂಡಿ ಹಾಡುವುದು ಕಥೋಲಿಕರ ಪೂಜೆಯಲ್ಲಿ ಹಿಂದಿನಿಂದ ಬಂದ ಕಟ್ಟಳೆಯೇನಲ್ಲ. 1903ರಲ್ಲಿ ಪೋಪ್ ಹತ್ತನೇ ಪಯಸ್ ಅವರು ಹೊರಡಿಸಿದ ಆದೇಶವು ಗಾನವೃಂದಕ್ಕೆ ಹೆಂಗಸರನ್ನು ಸೇರಿಸಬಾರದೆಂದೂ, ಮೇಲಿನ ದನಿಗಳನ್ನು ಹುಡುಗರೇ ಹಾಡಬೇಕೆಂದೂ ಹೇಳಿತ್ತು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ನುಡಿಗೆ ದಾರಿ ತೆರೆಯಿತು. ವ್ಯಾಟಿಕನ್‌ನ 1967ರ ಸೂಚನೆ ಮಿಶ್ರ ತಂಡಗಳನ್ನೂ ಒಪ್ಪಿತು. ಶಿವಮೊಗ್ಗ ಬಿಷಪ್ಪರ ಆಡಳಿತದ ಧರ್ಮಕ್ಷೇತ್ರವಾದದ್ದು 1988ರಲ್ಲಿ, ಅಂದರೆ ಈ ಬಾಗಿಲುಗಳೆಲ್ಲ ತೆರೆದ ಮೇಲೆ.

ಕನ್ನಡದಲ್ಲಿ ಹಾಡುವಾಗ ಒಂದು ಅನುಕೂಲವೂ ಒಂದು ತೊಡಕೂ ಇವೆ. ನಮ್ಮ ಪದಗಳು ಬಹುಪಾಲು ಅ, ಇ, ಉ ಮುಂತಾದ ಸ್ವರಾಕ್ಷರಗಳಲ್ಲಿ ಮುಗಿಯುವುದರಿಂದ, ದೊಡ್ಡ ಆಲಯದ ಮಾರ್ದನಿಯಲ್ಲಿ ಇಂಗ್ಲಿಷ್ ಹಾಡಿನ ಸಾಲುಗಳ ತುದಿಯಲ್ಲಿ ಕೇಳುವ ‘ಸ್’ಕಾರದ ಚದುರಾಟ ಇಲ್ಲಿ ಅಪರೂಪ. ತೊಡಕೆಂದರೆ ಹ್ರಸ್ವ ಮತ್ತು ದೀರ್ಘ: ಪಾಶ್ಚಾತ್ಯ ಧಾಟಿಯ ಉದ್ದನೆಯ ಸ್ವರವೊಂದು ‘ಮನ’ದ ಮೊದಲ ಅಕ್ಷರದ ಮೇಲೆ ಬಿದ್ದರೆ ಭಕ್ತರ ‘ಮನ’ ಕೇಳುವವರ ಕಿವಿಯಲ್ಲಿ ‘ಮಾನ’ವಾಗಿಬಿಡುತ್ತದೆ.