ಲಗ್ನಕ್ಕೆ ಹಾಕಿದ ಬಂಗಾರ ಪಾಲಿನ ಲೆಕ್ಕಕ್ಕಿಲ್ಲ

"ಲಗ್ನದಾಗ ಐದು ತೊಲಿ ಬಂಗಾರ ಹಾಕೀವಿ, ಇನ್ನೇನು ಪಾಲ್ರೀ ಆಕಿದು?" ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯ ಕ್ರೈಸ್ತ ಮನೆಗಳ ಆಸ್ತಿ ತಕರಾರಿನಲ್ಲಿ ಈ ಮಾತು ಬಾರದೆ ಇರುವುದಿಲ್ಲ. ಹೇಳುವವರು ಕೆಟ್ಟವರೇನಲ್ಲ, ಭಾನುವಾರ ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂಡುವವರೇ. ಊರಲ್ಲಿ ಕಂಡ ಹಳೆಯ ಹಿಂದೂ ಅವಿಭಕ್ತ ಕುಟುಂಬದ ಲೆಕ್ಕವನ್ನು ತಮ್ಮ ಮನೆಗೂ ಹಚ್ಚುತ್ತಾರೆ, ಅಷ್ಟೇ. ಆ ಲೆಕ್ಕವೂ 2005ರಲ್ಲೇ ಬದಲಾಗಿ ಮಗಳಿಗೂ ಸಮಪಾಲು ಬಂದಿದೆ ಅನ್ನುವುದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಬರೆಯದೆ ತಂದೆ ತೀರಿಕೊಂಡರೆ ತಾಯಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮನಾಗಿ. 9 ಎಕರೆ ಹೊಲ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಎಂದಿಟ್ಟುಕೊಳ್ಳಿ: ತಾಯಿಗೆ 3 ಎಕರೆ, ಮೂವರು ಮಕ್ಕಳಿಗೆ ತಲಾ 2. ಮಗಳು ಮೊದಲೇ ತೀರಿಹೋಗಿದ್ದರೆ ಆ 2 ಎಕರೆ ಅವಳ ಮಕ್ಕಳಿಗೆ ಹೋಗುತ್ತದೆ, ಅಳಿಯನಿಗಲ್ಲ.

ಇನ್ನು ಬಂಗಾರದ ಮಾತು. ಅದೇ ಕಾಯ್ದೆಯ 49ನೇ ಕಲಂ ಇದಕ್ಕೆಂದೇ ಬರೆದಂತಿದೆ: ತಂದೆ ಬದುಕಿದ್ದಾಗ ಮಗುವಿನ ಏಳಿಗೆಗೆಂದು ಕೊಟ್ಟ ಹಣವನ್ನಾಗಲಿ ಆಸ್ತಿಯನ್ನಾಗಲಿ ಪಾಲು ಮಾಡುವಾಗ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಐದು ತೊಲಿ ಇರಲಿ ಐವತ್ತು ತೊಲಿ ಇರಲಿ, ಮಗಳ 2 ಎಕರೆಯಲ್ಲಿ ಒಂದು ಗುಂಟೆಯೂ ಕಡಿಮೆಯಾಗದು. ಹಿರಿಯ ಮಗನಿಗೆ ಕಲಬುರಗಿಯಲ್ಲಿ ಪ್ಲಾಟು ಕೊಡಿಸಿದ್ದರೆ ಅದನ್ನೂ ಕಳೆಯುವಂತಿಲ್ಲ. ಇಷ್ಟು ಹೇಳಿದಾಗ, ಅಲ್ಲಿಯವರೆಗೆ ಅಣ್ಣನ ಪಕ್ಕ ಕೂತಿದ್ದ ತಮ್ಮ ಮೆಲ್ಲಗೆ ಕುರ್ಚಿ ಸರಿಸುತ್ತಾನೆ.

ಬೈಬಲ್ ತೆಗೆದು ವಾದಿಸುವವರಿಗೆ ಅರಣ್ಯಕಾಂಡದ 27ನೇ ಅಧ್ಯಾಯ ಗೊತ್ತಿರಬೇಕು: ಐವರು ಅಕ್ಕತಂಗಿಯರು ಮೋಶೆಯ ಮುಂದೆ ನಿಂತು ಅಪ್ಪನ ಪಾಲು ಕೇಳಿ ಪಡೆದರು. ಅವರಿಗೆ ಅಣ್ಣತಮ್ಮಂದಿರಿರಲಿಲ್ಲ, ನಿಜ. 49ನೇ ಕಲಮಿನಲ್ಲಿ ಆ ಷರತ್ತಿಲ್ಲ.

ನಡೆಯುವುದು ಮಾತ್ರ ಬೇರೆ. ವಂಶವೃಕ್ಷದಲ್ಲಿ ಮಗಳ ಹೆಸರು ಬಿಟ್ಟು ಫೌತಿ ಖಾತೆ, ಅಂದರೆ ತೀರಿದವರ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸುತ್ತಾರೆ. ಪಹಣಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಹತ್ತು ವರ್ಷದ ಮೇಲೆ ಹೊಲ ಮಾರಲು ಹೊರಟಾಗ ಖರೀದಿದಾರನ ವಕೀಲ ಅಕ್ಕನ ಸಹಿ ಕೇಳುತ್ತಾನೆ. ಆಗ ಪೆಟ್ಟಿಗೆಯಿಂದ ಹೊರಬರುವುದು ಪಾಸ್ಟರ್, ಹಿರಿಯರು ಎಲ್ಲ ಸಹಿ ಹಾಕಿದ ಬಾಂಡ್ ಪೇಪರ್: "ನನಗೆ ಪಾಲು ಬೇಡ." ಹೊಲ, ಮನೆಯ ಹಕ್ಕು ಬಿಡುವ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿರಬೇಕು. ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ, ಎಷ್ಟೇ ಹಿರಿಯರು ಸಹಿ ಹಾಕಿರಲಿ.

ಒಂದು ಎಚ್ಚರಿಕೆ. ಮತಾಂತರಕ್ಕೆ ಮುಂಚಿನ ಕೂಡು ಕುಟುಂಬದ ಹೊಲವಾದರೆ ಮೇಲಿನ ಲೆಕ್ಕ ಹಾಗೇ ಕೂಡುವುದಿಲ್ಲ. ಹಿಂದೂ ಬಂಧುವಿನ ಆಸ್ತಿಯಲ್ಲಿ ಮತಾಂತರಗೊಂಡವನ ಹಕ್ಕು ಉಳಿದರೂ, ಆಮೇಲೆ ಹುಟ್ಟಿ ಕ್ರೈಸ್ತರಾಗಿಯೇ ಇರುವ ಅವನ ಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಂ ಅಡ್ಡ ಬರುತ್ತದೆ. ಹಳೆಯ ಪಹಣಿಗಳನ್ನು ನೋಡದೆ ಯಾರೂ ಖಚಿತವಾಗಿ ಹೇಳಬಾರದು.

ಲಗ್ನದ ಖರ್ಚು ಕಳೆಯಲೇಬೇಕೆಂದರೆ ದಾರಿ ಇದೆ: ಅಪ್ಪ ಬದುಕಿರುವಾಗಲೇ ವಿಲ್ ಬರೆಯಬೇಕು. ಕ್ರೈಸ್ತರಲ್ಲಿ ಮಗನಿಗೆ ಹುಟ್ಟಿನಿಂದ ಬರುವ ಪಾಲಿಲ್ಲದ್ದರಿಂದ ಅಪ್ಪ ತನ್ನದನ್ನು ಯಾರಿಗಾದರೂ ಬರೆಯಬಹುದು. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಅವನೆದುರೇ ಸಹಿ ಹಾಕಬೇಕು. ಆಸ್ತಿ ಪಡೆಯುವವನಾಗಲಿ ಅವನ ಹೆಂಡತಿಯಾಗಲಿ ಸಾಕ್ಷಿಯಾದರೆ ವಿಲ್ ಉಳಿಯುತ್ತದೆ, ಅವನ ಪಾಲು ಹೋಗುತ್ತದೆ. ಹೆಂಡತಿ ತೀರಿದ ಮೇಲೆ ಅಪ್ಪ ಮತ್ತೊಂದು ಮದುವೆಯಾದನೋ, ಹಳೆಯ ವಿಲ್ ನೋಂದಣಿಯಾಗಿದ್ದರೂ ತಾನಾಗಿ ರದ್ದು. ಹೊಸದು ಬರೆಯದೆ ಕಣ್ಣು ಮುಚ್ಚಿದರೆ ಹೊಸ ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳೆಲ್ಲರಿಗೂ ಸಮಪಾಲು, ಐದು ತೊಲಿ ಹಾಕಿಸಿಕೊಂಡವಳೂ ಸೇರಿ.